ಚಿಕ್ಕಪ್ಪ ಕಳಿಸಿದ ವಿಸ್ಕಾಸಿಟಿ ಪಟ್ಟಿ

ಚಿಕ್ಕಪ್ಪ: [ಫಾರ್ವರ್ಡ್ ಆದ ಚಿತ್ರ: ವಿಸ್ಕಾಸಿಟಿ (ದ್ರವ ಹರಿಯಲು ಒಡ್ಡುವ ಅಡೆತಡೆ) ಯೂನಿಟ್‌ಗಳ ಪಟ್ಟಿ] ಪುಟ್ಟಿ, ಸಿಇಟಿಗೆ ಉಪಯೋಗಕ್ಕೆ ಬರುತ್ತೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೋ.

ಪುಟ್ಟಿ: ಥ್ಯಾಂಕ್ಸ್ ತಾತ 🙏

ನಾನು: ಚಿಕ್ಕಪ್ಪ, ಪ್ರಿಂಟ್ ಬೇಡ. ಮೂರನೇ ಸಾಲು ನೋಡಿ. 1 ಪಾಯ್ಸ್ = 1 ಪಾಸ್ಕಲ್ ಸೆಕೆಂಡ್ ಅಂತ ಹಾಕಿದ್ದಾರೆ, ಅದು ತಪ್ಪು. 1 ಪಾಸ್ಕಲ್ ಸೆಕೆಂಡ್ ಅಂದ್ರೆ 10 ಪಾಯ್ಸ್. ಕೊನೇ ಸಾಲಲ್ಲಿ ಸೆಂಟಿಪಾಯ್ಸ್ = ಸೆಂಟಿಸ್ಟೋಕ್ಸ್ ಅಂತಾನೂ ಇದೆ. ಅದು ಇನ್ನೂ ದೊಡ್ಡ ತಪ್ಪು, ಅವೆರಡೂ ಅಳೆಯೋದೇ ಬೇರೆ ಬೇರೆ.

ಚಿಕ್ಕಪ್ಪ: ಯಾರೋ ಓದಿದವರೇ ಮಾಡಿರೋದಪ್ಪ. ಎಷ್ಟು ನೀಟಾಗಿದೆ ನೋಡು.

ದೊಡ್ಡಪ್ಪ: ಇಬ್ಬರದೂ ತಪ್ಪು. 10 ಅಲ್ಲ, 98.1. ಮಂಡ್ಯದಲ್ಲಿ ಡಿಪ್ಲೊಮಾ ಓದುವಾಗ ಬಾಯಿಪಾಠ ಮಾಡಿದ್ದು, ಇವತ್ತಿಗೂ ಮರೆತಿಲ್ಲ.

ನಾನು: ದೊಡ್ಡಪ್ಪ, ನಿಮ್ಮ 98.1 ಸರಿ. ಆದರೆ ಅದು ಬೇರೆ ಯೂನಿಟ್‌ಗೆ. ಆಗಿನ ಪುಸ್ತಕಗಳಲ್ಲಿ ಬಲವನ್ನು ನ್ಯೂಟನ್‌ನಲ್ಲಿ ಅಲ್ಲ, ಕೆಜಿ ಫೋರ್ಸ್‌ನಲ್ಲಿ ಹೇಳುತ್ತಿದ್ದರು. 1 ಕೆಜಿ ಫೋರ್ಸ್ = 9.81 ನ್ಯೂಟನ್. ಹಾಗಾಗಿ ಚದರ ಮೀಟರಿಗೆ 1 ಕೆಜಿ ಫೋರ್ಸ್ ಸೆಕೆಂಡ್ ಅಂದ್ರೆ 9.81 ಪಾಸ್ಕಲ್ ಸೆಕೆಂಡ್. ಹತ್ತರಿಂದ ಗುಣಿಸಿ, 98.1 ಪಾಯ್ಸ್ ಬಂತು. ನಿಮ್ಮ ಲೆಕ್ಕದ ಒಳಗೇ ನನ್ನ 10 ಇದೆ.

ದೊಡ್ಡಪ್ಪ: ಹೌದಲ್ವಾ. ಕೆಜಿ ಫೋರ್ಸೇ ಅದು.

ಪುಟ್ಟಿ: ದೊಡ್ಡಮ್ಮ, ಆ 10 ಎಲ್ಲಿಂದ ಬಂತು? ನಾನೂ ಸುಮ್ನೆ ಬಾಯಿಪಾಠ ಮಾಡಿದ್ದೀನಿ.

ನಾನು: ಬಾಯಿಪಾಠ ಬೇಡ ಕಣೇ, ಬಿಡಿಸಿ ನೋಡು. ಪಾಸ್ಕಲ್ ಸೆಕೆಂಡ್ ಅಂದ್ರೆ ಮೀಟರ್-ಸೆಕೆಂಡಿಗೆ ಇಷ್ಟು ಕೆಜಿ. ಪಾಯ್ಸ್ ಅಂದ್ರೆ ಸೆಂಟಿಮೀಟರ್-ಸೆಕೆಂಡಿಗೆ ಇಷ್ಟು ಗ್ರಾಂ. ಮೇಲೆ 1 ಕೆಜಿ 1000 ಗ್ರಾಂ ಆಯ್ತು. ಕೆಳಗೆ 1 ಮೀಟರ್ 100 ಸೆಂಟಿಮೀಟರ್ ಆಯ್ತು. ಸೆಕೆಂಡ್ ಹಾಗೇ ಉಳೀತು. 1000ವನ್ನು 100ರಿಂದ ಭಾಗಿಸಿದರೆ 10. ಇಷ್ಟೇ. ಪರೀಕ್ಷೆ ಹಾಲ್‌ನಲ್ಲಿ ಮರೆತರೂ ಅರ್ಧ ನಿಮಿಷದಲ್ಲಿ ಮತ್ತೆ ತೆಗೆಯಬಹುದು.

ಪುಟ್ಟಿ: ಆದರೆ ನಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಎಸ್‌ಐ ಯೂನಿಟ್ ಪಾಯ್ಸ್ಯೂಲ್ ಅಂತಿದೆ. ಅದು ಪಾಸ್ಕಲ್ ಸೆಕೆಂಡೇ ಅಂತಾನೂ ಇದೆ.

ನಾನು: ಪಟ್ಟಿ ಮಾಡಿದವರು ಎಡವಿರೋದು ಅಲ್ಲೇ ಇರಬೇಕು. ಪಾಯ್ಸ್, ಪಾಯ್ಸ್ಯೂಲ್ ಎರಡಕ್ಕೂ ಒಬ್ಬರದೇ ಹೆಸರು. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತೆ ಅಂತ ತಿಳಿಯೋಕೆ ಗಾಜಿನ ಸಪೂರ ನಳಿಗೆಗಳಲ್ಲಿ ದ್ರವ ಹರಿಸಿ ಅಳೆದ ಫ್ರಾನ್ಸಿನ ವೈದ್ಯ ಪಾಯ್ಸ್ಯೂಲ್ (1797–1869) ಅವರದು. ಪಾಯ್ಸ್ಯೂಲ್ ದೊಡ್ಡದು, ಪಾಯ್ಸ್ ಅದರ ಹತ್ತನೇ ಒಂದು ಭಾಗ.

ಅತ್ತೆ: ಒಂದು ಸೊನ್ನೆಗೆ ಬೆಳಗ್ಗೆ ಬೆಳಗ್ಗೆ ಇಷ್ಟು ವಾದ ಬೇಕಾ?

ನಾನು: ಬೇಕು ಅತ್ತೆ. ಲ್ಯಾಬ್‌ನಲ್ಲಿ ದಿನಾ ಇದೇ ಕೆಲಸ ನಂದು. ನೀವು ತಲೆಗೆ ಹಚ್ಚುವ ಹರಳೆಣ್ಣೆ 20 ಡಿಗ್ರಿಯಲ್ಲಿ ಸುಮಾರು 1 ಪಾಸ್ಕಲ್ ಸೆಕೆಂಡ್, ಅಂದ್ರೆ ಹತ್ತು ಪಾಯ್ಸ್ ಹತ್ತಿರ. ಈ ಪಟ್ಟಿ ನಂಬಿದರೆ ಅದೇ ಎಣ್ಣೆ 10 ಪಾಸ್ಕಲ್ ಸೆಕೆಂಡ್ ಆಗಿಬಿಡುತ್ತೆ. ಆ ಲೆಕ್ಕದ ಮೇಲೆ ಪಂಪ್ ತಂದರೆ ದುಡ್ಡು ಯಾರದ್ದು?

ಭಾವ: ಸ್ವಲ್ಪ ತಡಿ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ರಸ್ತೆ ಕೆಲಸಕ್ಕೆ ಬಂದ ಟಾರಿನ ರಿಪೋರ್ಟ್ ಇದು. [ಚಿತ್ರ] ಇದರಲ್ಲಿ ಒಂದು ಸಾಲು ಪಾಯ್ಸ್, ಇನ್ನೊಂದು ಸಾಲು ಸೆಂಟಿಸ್ಟೋಕ್ಸ್. ಒಂದೇ ಮಾಲಿಗೆ ಎರಡು ಯಾಕೆ? ನಾನೂ ಇಷ್ಟು ದಿನ ಎರಡೂ ಒಂದೇ ಅಂದ್ಕೊಂಡಿದ್ದೆ.

ನಾನು: ಭಾವ, ಸರಿಯಾದ ಸಮಯಕ್ಕೆ ಹಾಕಿದಿರಿ. ಇದು ವಿಜಿ-30, ಅಂದ್ರೆ ನಾವು ಟಾರು ಅನ್ನೋ ಬಿಟುಮೆನ್‌ನ ಒಂದು ದರ್ಜೆ. ಮೊದಲ ಸಾಲು 60 ಡಿಗ್ರಿಯಲ್ಲಿ, ಬಿಸಿಲಿಗೆ ಕಾದ ರಸ್ತೆಯ ಲೆಕ್ಕ. ಅದರ ಭಾರತೀಯ ಮಾನದಂಡ ಐಎಸ್ 73ರ ಪ್ರಕಾರ 2400ರಿಂದ 3600 ಪಾಯ್ಸ್ ಒಳಗಿರಬೇಕು, ಅಂದ್ರೆ 240ರಿಂದ 360 ಪಾಸ್ಕಲ್ ಸೆಕೆಂಡ್. ಎರಡನೇ ಸಾಲು 135 ಡಿಗ್ರಿಯಲ್ಲಿ, ಟಾರು ಕಾದು ಹರಿಯುವಾಗಿನದು. ಅಲ್ಲಿ ಕನಿಷ್ಠ 350 ಸೆಂಟಿಸ್ಟೋಕ್ಸ್ ಇರಬೇಕು. ಸ್ಟೋಕ್ಸ್ ಅಳೆಯೋದು ಕೈನೆಮ್ಯಾಟಿಕ್ ವಿಸ್ಕಾಸಿಟಿ. ವಿಸ್ಕಾಸಿಟಿಯನ್ನು ಸಾಂದ್ರತೆಯಿಂದ ಭಾಗಿಸಿದರೆ ಸಿಗೋದು ಅದು. ಹಾಗಾಗಿ ಸಾಂದ್ರತೆ ಗೊತ್ತಿಲ್ಲದೆ ಅದನ್ನು ಪಾಯ್ಸ್‌ಗೆ ತರೋಕೆ ಆಗೋದೇ ಇಲ್ಲ. ಆ ಬಿಸಿಯಲ್ಲಿ ಟಾರಿನ ಸಾಂದ್ರತೆ ಸಿಸಿಗೆ ಸುಮಾರು 0.95 ಗ್ರಾಂ ಅಂತ ಹಿಡಿಯಿರಿ. 350ನ್ನು 0.95ರಿಂದ ಗುಣಿಸಿದರೆ 330ರ ಆಸುಪಾಸು ಸೆಂಟಿಪಾಯ್ಸ್, ಅಂದ್ರೆ 0.33 ಪಾಸ್ಕಲ್ ಸೆಕೆಂಡ್.

ಭಾವ: 240 ಎಲ್ಲಿ, 0.33 ಎಲ್ಲಿ! ಅದೇ ಟಾರಾ?

ನಾನು: ಅದೇ ಟಾರು. ಬಿಸಿಯಾದಾಗ ಏಳುನೂರಕ್ಕೂ ಜಾಸ್ತಿ ಪಟ್ಟು ತೆಳುವಾಗುತ್ತೆ. ಅದಕ್ಕೇ ಡಿಗ್ರಿ ಬರೆಯದ ವಿಸ್ಕಾಸಿಟಿಗೆ ಅರ್ಥವೇ ಇಲ್ಲ ಅಂತ ನಾನು ಎಲ್ಲರಿಗೂ ಹೇಳೋದು. ಈ ಪಟ್ಟಿಯಲ್ಲಿ ನೀರು, ಎಣ್ಣೆ, ಜೇನುತುಪ್ಪ ಎಲ್ಲದಕ್ಕೂ ಅಂಕಿ ಇದೆ, ಒಂದಕ್ಕೂ ಡಿಗ್ರಿ ಇಲ್ಲ.

ಚಿಕ್ಕಪ್ಪ: ಆದರೆ ನೀರಿಗೆ ಸೆಂಟಿಪಾಯ್ಸ್, ಸೆಂಟಿಸ್ಟೋಕ್ಸ್ ಎರಡೂ 1 ಅಂತ ಗೂಗಲ್ಲೇ ತೋರಿಸ್ತಿದೆಯಲ್ಲಮ್ಮ.

ನಾನು: ನೀರಿಗೆ ಸರಿ ಚಿಕ್ಕಪ್ಪ. 20 ಡಿಗ್ರಿಯಲ್ಲಿ ನೀರು 1.002 ಸೆಂಟಿಪಾಯ್ಸ್, ಸಾಂದ್ರತೆ ಹೆಚ್ಚುಕಡಿಮೆ 1. ಅದಕ್ಕೇ ಎರಡೂ ಒಂದೇ ಥರ ಕಾಣುತ್ತೆ. ಪಾದರಸ ತಗೊಳ್ಳಿ. ಅದು ಸುಮಾರು 1.5 ಸೆಂಟಿಪಾಯ್ಸ್, ನೀರಿಗಿಂತ ಜಾಸ್ತಿ. ಆದರೆ ತೂಕ ಹದಿಮೂರೂವರೆ ಪಟ್ಟು. ಭಾಗಿಸಿದರೆ ಬರೋದು 0.11 ಸೆಂಟಿಸ್ಟೋಕ್ಸ್, ನೀರಿಗಿಂತ ತೀರಾ ಕಮ್ಮಿ. ನಿಮ್ಮ ಪಟ್ಟಿ ಪ್ರಕಾರ ಎರಡೂ ಒಂದೇ ಆಗಬೇಕಿತ್ತು.

ಪುಟ್ಟಿ: ಹಾಗಾದ್ರೆ ಸೆಂಟಿಪಾಯ್ಸ್ = ಮಿಲಿಪಾಸ್ಕಲ್ ಸೆಕೆಂಡ್ ಅನ್ನೋ ಎರಡನೇ ಸಾಲೂ ತಪ್ಪಾ?

ನಾನು: ಅದು ನೂರಕ್ಕೆ ನೂರು ಸರಿ. ಪಾಯ್ಸಿನ ನೂರನೇ ಒಂದು, ಪಾಸ್ಕಲ್ ಸೆಕೆಂಡಿನ ಸಾವಿರನೇ ಒಂದು. ಯಾವ ದ್ರವ, ಎಷ್ಟು ಡಿಗ್ರಿ ಇದ್ದರೂ ಬದಲಾಗಲ್ಲ. ಇದೊಂದನ್ನು ಬೇಕಾದರೆ ಗೋಡೆಗೆ ಅಂಟಿಸಿಕೋ.

ದೊಡ್ಡಪ್ಪ: 98.1 ಕೂಡ ಬರೆದುಕೋ ಮಗಳೇ. ಹಳೇ ಪ್ರಶ್ನೆಪತ್ರಿಕೆಯಲ್ಲಿ ಬರುತ್ತೆ.

ಚಿಕ್ಕಪ್ಪ: ಇದನ್ನ ನಮ್ಮ ಕುವೆಂಪುನಗರದ ವಾಕಿಂಗ್ ಗುಂಪಿಗೂ ಕಳಿಸಿದ್ದೀನಿ. ಅಲ್ಲಿ ಮೂರು ಜನರ ಮೊಮ್ಮಕ್ಕಳು ಪಿಯುಸಿ. ಅಳಿಸಿಬಿಡ್ಲಾ?

ನಾನು: ಅಳಿಸಿದರೆ ಆಗಲೇ ಡೌನ್‌ಲೋಡ್ ಮಾಡಿಕೊಂಡವರಿಗೆ ಗೊತ್ತಾಗಲ್ಲ ಚಿಕ್ಕಪ್ಪ. ಅದೇ ಚಿತ್ರಕ್ಕೆ ರಿಪ್ಲೈ ಮಾಡಿ ಹಾಕಿ: ಮೂರನೇ ಸಾಲು 1 ಪಾಸ್ಕಲ್ ಸೆಕೆಂಡ್ = 10 ಪಾಯ್ಸ್ ಅಂತ ತಿದ್ದಿಕೊಳ್ಳಿ, ಕೊನೇ ಸಾಲು ಹೊಡೆದುಹಾಕಿ.

ಚಿಕ್ಕಪ್ಪ: ಹಾಕಿದೆ. ಇಬ್ಬರು ನೋಡಿದ್ದಾರೆ.