ನೇಕಾರರ ಶ್ವಾಸಕೋಶ: ಪಬ್‌ಮೆಡ್ ಹುಡುಕಾಟ ಹೇಗೆ?

ಪ್ರಶ್ನೆ (ಬಾಗಲಕೋಟೆ): ನೇಕಾರರ ಶ್ವಾಸಕೋಶದ ತೊಂದರೆಗಳ ಬಗ್ಗೆ ಸಿಸ್ಟಮ್ಯಾಟಿಕ್ ರಿವ್ಯೂ (ಇರುವ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟು ನೋಡುವ ವಿಮರ್ಶೆ) ಮಾಡುತ್ತಿದ್ದೇನೆ. ಇಳಕಲ್, ಗುಳೇದಗುಡ್ಡದಂಥ ಮಗ್ಗದೂರುಗಳಿಗೆ ಹೊಂದುವ ಲೇಖನ ಬೇಕು. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿ) ‘ಲೂಮ್*’ (loom*, ಮಗ್ಗ) ಹಾಕಿದರೆ ಬರೀ ಕಸ. ಲೈಬ್ರರಿಯವರನ್ನು ಏನು ಕೇಳಲಿ?

ಉತ್ತರ 1: ಅದು ‘ಲೂಮಿಂಗ್’ ಎಂಬ ಸಂಬಂಧವಿಲ್ಲದ ಪದವನ್ನೂ ಎಳಕೊಂಡು ಬರ್ತದರೀ. ನಕ್ಷತ್ರ ಚಿಹ್ನೆ (*, ಅಂದರೆ ಆ ಅಕ್ಷರಗಳಿಂದ ಶುರುವಾಗುವ ಎಲ್ಲ ಪದ) ಪದದ ಆರಂಭದಲ್ಲಿ ನಡೆಯಲ್ಲ. ಕೊನೆಗೆ ಹಾಕಲು ಅದಕ್ಕಿಂತ ಮೊದಲು ಕನಿಷ್ಠ 4 ಇಂಗ್ಲಿಷ್ ಅಕ್ಷರ ಬೇಕು. ‘ಹ್ಯಾಂಡ್‌ಲೂಮ್*’, ‘ಪವರ್‌ಲೂಮ್*’, ‘ವೀವರ್*’ ಬಿಡಿಬಿಡಿಯಾಗಿ ಬರೆದು ‘ಆರ್’ನಿಂದ (OR, ಯಾವುದಾದರೂ ಒಂದಿದ್ದರೆ ಸಾಕು) ಜೋಡಿಸಿ. ಶೀರ್ಷಿಕೆ-ಸಾರಾಂಶಕ್ಕೆ ಮಿತಿ ಹಾಕದಿದ್ದರೆ ವೀವರ್ ಅಡ್ಡಹೆಸರಿನ ಲೇಖಕರೆಲ್ಲ ಸಾಲುಗಟ್ಟುತ್ತಾರೆ! ಕಾಯಿಲೆಯ ಪದಗಳದು ಬೇರೆ ಗುಂಪು, ನಡುವೆ ‘ಆಂಡ್’ (AND, ಎರಡೂ ಇರಬೇಕು).

ಉತ್ತರ 2: ‘ಬಿಸಿನೋಸಿಸ್’ (ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ), ‘ಟೆಕ್ಸ್‌ಟೈಲ್ ಇಂಡಸ್ಟ್ರಿ’ ಎಂಬ ಮೆಶ್ ಪದಗಳನ್ನೂ (ಪಬ್‌ಮೆಡ್ ಲೇಖನಗಳಿಗೆ ಹಚ್ಚುವ ವಿಷಯಸೂಚಕ ಪದ) ಸೇರಿಸಿ. ಅವನ್ನಷ್ಟೇ ನಂಬಿದರೆ ಮೆಶ್ ಹಚ್ಚದ ಲೇಖನ ತಪ್ಪುತ್ತವೆ.

ಉತ್ತರ 3: ನಿಮಗೆ ಗೊತ್ತಿರುವ ಐದಾರು ಲೇಖನಗಳ ಪಿಎಂಐಡಿ (ಪಬ್‌ಮೆಡ್‌ನ ಗುರುತಿನ ಸಂಖ್ಯೆ) ಲೈಬ್ರೇರಿಯನ್‌ಗೆ ಕೊಡಿ. ಹುಡುಕಾಟದಲ್ಲಿ ಅವು ಸಿಗದಿದ್ದರೆ ಹುಡುಕಾಟದ ಪದಗಳ ಸಾಲಿನಲ್ಲೇ ದೋಷ. ದಿನಾಂಕ, ಪೂರ್ತಿ ಸಾಲು ಉಳಿಸಿಕೊಳ್ಳಿ. ಪ್ರಿಸ್ಮಾ 2020 (ಇಂಥ ರಿವ್ಯೂ ವರದಿ ಮಾಡುವ ಮಾರ್ಗಸೂಚಿ) ಅವನ್ನು ಕೇಳುತ್ತದೆ.