ವರ್ಮಿ ಎಲ್ಲಿ ಹೋಯ್ತು? 132ನೇ ಸಂಚಿಕೆ ಆದ್ಮೇಲೆ ಪತ್ತೆನೇ ಇಲ್ಲ

ಹಳೇದಾಳ ಕೇಳಿದ್ದು:

ಒಂದು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ನನಗೆ ಒಂದೇ ಕೆಲಸ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಉರುಳಿಸಿ ಆಡೋ ಕಥೆಯಾಟ) ಬಗ್ಗೆ ಬರ್ತಿದ್ದ ಡ್ರ್ಯಾಗನ್ ಪತ್ರಿಕೆಯ ಮೊದಲ 250 ಸಂಚಿಕೆ ಇರೋ ಸಿಡಿ ಸೆಟ್ ಬಂದಿತ್ತಲ್ಲ 1999ರಲ್ಲಿ, ಅದು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ತು. 1976ರ ಜೂನ್ ಸಂಚಿಕೆಯಿಂದ ಹಿಡಿದು ಒಂದೊಂದಾಗಿ ನೋಡ್ತಾ ಬಂದೆ. ಓದ್ತಾ ಅಲ್ಲ, ನೋಡ್ತಾ. ನಿಜ ಹೇಳ್ಬೇಕಂದ್ರೆ ಹತ್ತಿಪ್ಪತ್ತು ಸಂಚಿಕೆ ಆದ್ಮೇಲೆ ನಿಯಮಗಳ ಲೇಖನ, ವಿಮರ್ಶೆ, ಓದುಗರ ಜಗಳ ಎಲ್ಲಾ ಬಿಟ್ಟು ಫೈಲ್ ತೆರೆದ ತಕ್ಷಣ ಸೀದಾ ಕೊನೇ ಪುಟಗಳಿಗೆ ಹಾರೋದು ಅಭ್ಯಾಸ ಆಗೋಯ್ತು. ಕಾಮಿಕ್ಸ್ ಇರೋದು ಅಲ್ಲೇ.

ಅದರಲ್ಲೂ ವರ್ಮಿ ಅನ್ನೋ ಕಾಮಿಕ್. 9ನೇ ಸಂಚಿಕೆಯಲ್ಲಿ ಶುರು, 1977ರ ಸೆಪ್ಟೆಂಬರ್. ಬಾಯಲ್ಲಿ ಸಿಗಾರ್ ಕಚ್ಚಿಕೊಂಡು, ಬಿಲಿಯರ್ಡ್ಸ್ ಥರದ ಪೂಲ್ ಆಡ್ಕೊಂಡು, ಪುಟ್ಟ ಪುಟ್ಟ ಸೈನಿಕರ ಗೊಂಬೆ ಹರಡಿಕೊಂಡು ಯುದ್ಧದಾಟ ಆಡೋ ಹಸಿರು ಡ್ರ್ಯಾಗನ್. ನಾವು ಆಟದಲ್ಲಿ ಡ್ರ್ಯಾಗನ್ ಕಂಡ್ರೆ ಕತ್ತಿ ಹಿರಿದು ಓಡ್ತೀವಲ್ಲ, ಇಲ್ಲಿ ಡ್ರ್ಯಾಗನ್ನೇ ಮನೆ ಯಜಮಾನ. ನುಗ್ಗಿ ಬರೋ ನಾವು ಬರೀ ಉಪದ್ರವ. ಟ್ರೋಲ್ ಅನ್ನೋ ದೈತ್ಯ ಜೀವಿಗಳು ಪಕ್ಕದ್ಮನೆಯವರ ಥರ ಬಂದು ಹೋಗಿ ಮಾಡ್ತವೆ. ಬಣ್ಣ ನೋಡಿದ್ರೆ ಹಳೇ ಪತ್ರಿಕೆ ಅಂತ ನಂಬೋಕೇ ಆಗಲ್ಲ.

ಈಗ ವಿಷಯಕ್ಕೆ ಬರ್ತೀನಿ. 132ನೇ ಸಂಚಿಕೆ, 1988ರ ಏಪ್ರಿಲ್. ಕಥೆ ಅರ್ಧದಲ್ಲಿದೆ. 133 ತೆರೆದೆ, ಇಲ್ಲ. ಸರಿ, ಹಿಂದೆನೂ ಮಧ್ಯೆ ಮಧ್ಯೆ ತಪ್ಪಿಸಿಕೊಳ್ತಿತ್ತು, ಮುಂದಿನ ತಿಂಗಳು ಬರುತ್ತೆ ಅಂದ್ಕೊಂಡೆ. 134, ಇಲ್ಲ. 135, ಇಲ್ಲ. ನನ್ನ ಸಿಡಿಗಳಲ್ಲಿ ಒಂದಕ್ಕೆ ಬೇರೆ ಉದ್ದಕ್ಕೆ ಗೀರು ಬಿದ್ದಿದೆ, ಡ್ರೈವ್‌ಗೆ ಹಾಕಿದ್ರೆ ನರಳುತ್ತೆ. ಇದರದ್ದೇ ದೋಷ, ಪುಟ ನುಂಗಿ ಹಾಕಿದೆ ಅಂತ ಕನ್ನಡಕದ ಬಟ್ಟೆ ತಗೊಂಡು ಒರೆಸಿದ್ದೇ ಒರೆಸಿದ್ದು. ಮಾರಿದವನಿಗೆ ಖಾರವಾಗಿ ಒಂದು ಮೆಸೇಜೂ ಹಾಕಿಬಿಟ್ಟೆ. ಆಮೇಲೆ ಪುಟಸಂಖ್ಯೆ ಎಣಿಸಿ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ. ವರ್ಮಿ ಮಾತ್ರ ಇಲ್ಲ.

ಹನ್ನೊಂದು ವರ್ಷ ಓಡಿದ ಕಥೆ ಹೀಗೆ ಮಾತಿನ ಮಧ್ಯೆ ಎದ್ದು ಹೋಗುತ್ತಾ? ಮುಂದಿನ ಭಾಗ ಬೇರೆ ಎಲ್ಲಾದ್ರೂ ಬಂದಿದೆಯಾ? ಗೊತ್ತಿದ್ದವರು ಹೇಳಿ. ಇಂಟರ್ನೆಟ್‌ನಲ್ಲಿ ಹುಡುಕೋಕೆ ಮನಸ್ಸಿಲ್ಲ. ಹುಡುಕಿದ್ರೆ ಇನ್ನೂ ನೂರು ಸಂಚಿಕೆಯ ಕಥೆ ಮೊದಲೇ ಗೊತ್ತಾಗಿಬಿಡುತ್ತೆ.

---

ಮಸಿಬುಡ್ಡಿ ಉತ್ತರ:

ಸಿಡಿಯನ್ನ ಬೈಬೇಡಿ ಪಾಪ. ಮುಂದಿನ ಭಾಗ ಎಲ್ಲೂ ಬಂದಿಲ್ಲ. ಮಾರಿದವರಿಗೆ ಒಂದು ಕ್ಷಮೆ ಕೇಳಿಬಿಡಿ.

ವರ್ಮಿ ಬರೆದವರು ಡೇವಿಡ್ ಟ್ರ್ಯಾಂಪಿಯರ್. ನೀವು ಈ ಆಟ ಆಡೋರಾದ್ರೆ ಅವರ ಕೈ ನಿಮಗೆ ಮೊದಲೇ ಪರಿಚಯ ಇರುತ್ತೆ. 1978ರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ರಕ್ಷಾಪುಟ ನೆನಪಿದೆಯಾ, ದೊಡ್ಡ ವಿಗ್ರಹ, ಅದರ ಮೇಲೆ ಹತ್ತಿ ಇಬ್ಬರು ಕಳ್ಳರು ಕಣ್ಣಿನ ರತ್ನ ಕೀಳ್ತಾ ಇರ್ತಾರೆ? ಅದು ಅವರದ್ದೇ. ಆ ಚಿತ್ರದಲ್ಲಿ ಯುದ್ಧ ಇಲ್ಲ ನೋಡಿ. ಯುದ್ಧ ಮುಗಿದು ಹೋಗಿದೆ. ಕೆಳಗೆ ಹಲ್ಲಿಮನುಷ್ಯರ ಹೆಣ, ಒಬ್ಬ ಕತ್ತಿ ಒರೆಸ್ತಾ ಇದ್ದಾನೆ. ಬೇರೆ ಯಾರೇ ಆಗಿದ್ರೂ ಕತ್ತಿ ಬೀಸೋ ಕ್ಷಣ ಬರೀತಿದ್ರು. ಇವರು ಆದ್ಮೇಲಿನ ಗುಡಿಸಿ ಒರೆಸೋ ಕೆಲಸ ಬರೆದ್ರು. ವರ್ಮಿಯ ಇಡೀ ಗುಟ್ಟು ಇದೇ ಅಂತ ನನಗನ್ಸುತ್ತೆ. ರಾಕ್ಷಸರಿಗೂ ಒಂದು ಮಂಗಳವಾರ ಮಧ್ಯಾಹ್ನ ಇರುತ್ತಲ್ಲ, ಅದು.

ನಾನೂ ಒಂದಿಷ್ಟು ಚಿತ್ರ ಬರೆಯೋನು. ಗೆರೆ ಕಲಿಯೋಕೆ ಅವರ ಕಪ್ಪುಬಿಳುಪು ಚಿತ್ರಗಳನ್ನ ಟ್ರೇಸಿಂಗ್ ಪೇಪರ್ ಇಟ್ಟು ತಿದ್ದಿದ್ದೀನಿ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಮಾಂತ್ರಿಕನೊಬ್ಬ ಕುದುರೆ ಮೇಲೆ ಬೀದಿಯಲ್ಲಿ ನುಗ್ಗಿ ಬರೋ ಚಿತ್ರ ಇದೆ, ಎಮಿರಿಕೊಲ್ ಅಂತ ಹೆಸರು. ಅದೊಂದಕ್ಕೇ ನನಗೆ ನಾಲ್ಕು ಸಂಜೆ ಹಿಡೀತು. ಕಪ್ಪು ಎಲ್ಲಿ ತುಂಬಬೇಕು ಅನ್ನೋದಕ್ಕಿಂತ ಎಲ್ಲಿ ಖಾಲಿ ಬಿಡಬೇಕು ಅನ್ನೋದು ಆ ಮನುಷ್ಯನಿಗೆ ಗೊತ್ತಿತ್ತು. ಸಹಿ ಡಿ, ಎ, ಟಿ ಅಂತ ಮೂರೇ ಅಕ್ಷರ. ಹುಡುಕಿ ನೋಡಿ, ಗೆರೆಗಳ ನಡುವೆ ಅವಿತುಕೊಂಡಿರುತ್ತೆ.

1988ರಲ್ಲಿ ಕಂತು ಬರೋದು ನಿಂತುಹೋಯ್ತು. ಪತ್ರಿಕೆಯವರು ಕಳಿಸಿದ ಚೆಕ್‌ಗಳು ಒಡೆಯದ ಲಕೋಟೆಯಲ್ಲೇ ವಾಪಸ್ ಬಂದ್ವು ಅಂತ ಎಲ್ಲರೂ ಹೇಳೋ ಮಾತು. ತುಂಬಾ ಜನ ಅವರು ತೀರಿಕೊಂಡಿದ್ದಾರೆ ಅಂತಲೇ ನಂಬಿದ್ರು. 2002ರಲ್ಲಿ ಇಲಿನಾಯ್‌ನ ಕಾರ್ಬನ್‌ಡೇಲ್ ಅನ್ನೋ ಊರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಟ್ಯಾಕ್ಸಿ ಚಾಲಕರ ರಾತ್ರಿಪಾಳಿ ಬಗ್ಗೆ ಒಂದು ಲೇಖನ ಹಾಕ್ತು. ಫೋಟೋ ಸಮೇತ. ಚಾಲಕನ ಹೆಸರು ಡೇವಿಡ್ ಟ್ರ್ಯಾಂಪಿಯರ್! ಅಭಿಮಾನಿಗಳು ಮುಗಿಬಿದ್ರು, ಅವರು ಮಾತ್ರ ಆ ಲೋಕಕ್ಕೆ ಬೆನ್ನು ಹಾಕಿಕೊಂಡೇ ಇದ್ರು. ಕೊನೆಗೆ ಆರೋಗ್ಯ ಕೆಟ್ಟ ಮೇಲೆ ತಮ್ಮ ಹಳೇ ಚಿತ್ರಗಳನ್ನ ಅದೇ ಊರಿನ ಒಂದು ಗೇಮ್ ಮೇಳದಲ್ಲಿ ಇಡೋಕೆ ಒಪ್ಪಿಕೊಂಡಿದ್ರು. ಮೇಳಕ್ಕೆ ಕೆಲವೇ ವಾರ ಇರುವಾಗ, 2014ರ ಮಾರ್ಚ್‌ನಲ್ಲಿ ತೀರಿಕೊಂಡ್ರು. 59 ವರ್ಷ.

ಯಾಕೆ ಬಿಟ್ರು ಅನ್ನೋದಕ್ಕೆ ಊಹಾಪೋಹ ಬೇಕಾದಷ್ಟಿದೆ. ನಾನು ಅದನ್ನ ಇಲ್ಲಿ ಹರಡಲ್ಲ.

---

ಬಾಡಿಗೆ ಕೂಲಿ ಉತ್ತರ:

ಮಸಿಬುಡ್ಡಿಯವರು ಕಣ್ಣೀರು ತರಿಸಿದ್ರು. ನಾನು ಸ್ವಲ್ಪ ತಕರಾರು ತೆಗೀತೀನಿ, ಬೈಬೇಡಿ.

ತಿಂಗಳಿಗೊಮ್ಮೆ ಒಂದೋ ಎರಡೋ ಪುಟ ಸಿಗೋ ಪಾತ್ರಕ್ಕೆ ಅಷ್ಟುದ್ದದ ಕಥೆ ಹೊರಿಸಬಾರದು. ಯಾರು ಏನು ಹೇಳಿದ್ರು ಅಂತ ಓದುಗ ಮೂವತ್ತು ದಿನ ನೆನಪಿಟ್ಟುಕೊಳ್ಳಬೇಕು, ಅದೇ ಮೂವತ್ತು ದಿನ ಸಾಕು ಮರೆಯೋಕೆ. ನೀವು ಸಿಡಿಯಲ್ಲಿ ಒಂದೇ ರಾತ್ರಿ ಆರು ಕಂತು ನುಂಗ್ತೀರಿ, ಅದಕ್ಕೇ ಕಥೆ ಸರಾಗವಾಗಿ ಹರಿದ ಹಾಗೆ ಕಾಣುತ್ತೆ. ಆಗ ತಿಂಗಳು ತಿಂಗಳು ಕಾದವರ ಗತಿ ಯೋಚಿಸಿ.

ಪತ್ರಿಕೆಯ ಹಿಂಬದಿಗೆ ಹೇಳಿ ಮಾಡಿಸಿದ ಪಾತ್ರ ಅಂದ್ರೆ ನಾಡ್ವಿಕ್. ಆರನ್ ವಿಲಿಯಮ್ಸ್ ಬರೆದಿದ್ದು, ಇನ್ನೂ ಮುಂದಕ್ಕೆ ಸಿಗ್ತಾನೆ ನಿಮಗೆ. ಸಾಹಸಿಗಳ ಗುಂಪಿನ ಮೂಟೆ ಹೊರೋ ಕೂಲಿ. ಯೀಗರ್ ಅನ್ನೋ ಕತ್ತಿವೀರನೂ ಆರ್ಟ್ಯಾಕ್ಸ್ ಅನ್ನೋ ಮಾಂತ್ರಿಕನೂ ಬಲೆ ಇದೆಯಾ ಅಂತ ಪರೀಕ್ಷೆ ಮಾಡೋಕೆ ಇವನನ್ನೇ ಮುಂದೆ ತಳ್ತಾರೆ. ಇವನು ಚೂರುಚೂರಾಗ್ತಾನೆ. ಪಿಫನಿ ಅನ್ನೋ ಪೂಜಾರಿಣಿ, ಅವಳೊಬ್ಬಳೇ ಒಳ್ಳೆಯವಳು, ಚೂರುಗಳನ್ನ ಆಯ್ದು ಟೇಪ್ ಸುತ್ತಿ ಮತ್ತೆ ಎಬ್ಬಿಸ್ತಾಳೆ. ಮುಗೀತು. ಮುಂದಿನ ತಿಂಗಳು ಮತ್ತೆ ಸಾಯ್ತಾನೆ. ಹಿಂದಿನದ್ದು ಓದಿರಲೇಬೇಕು ಅಂತಿಲ್ಲ, ಯಾವ ತಿಂಗಳು ನಿಂತ್ರೂ ಯಾರಿಗೂ ಬಾಕಿ ಇಲ್ಲ.

ನಮ್ಮ ಗುಂಪಲ್ಲಿ ನಾನೇ ಡಿಎಂ, ಅಂದ್ರೆ ಆಟ ನಡೆಸೋನು. ನಾಡ್ವಿಕ್ ಓದಿದ ಮೇಲೆ ನನ್ನ ಹುಡುಗರು ಕೂಲಿಗೆ ಇಟ್ಟುಕೊಂಡವನಿಗೆ ಒಂದು ಹೆಸರಾದ್ರೂ ಇಡೋಕೆ ಶುರು ಮಾಡಿದ್ರು. ಮೊದಲು ‘ದೀಪ ಹಿಡಿಯೋನು 1’, ‘ದೀಪ ಹಿಡಿಯೋನು 2’ ಅಂತಿತ್ತು. ಈಗ್ಲೂ ಹಳ್ಳಕ್ಕೆ ಅವರನ್ನೇ ತಳ್ಳೋದು, ಆದ್ರೆ ಹೆಸರು ಕೂಗಿ ತಳ್ತಾರೆ.

ಅದೇ ಪತ್ರಿಕೆಯ ಫಿಲ್ ಮತ್ತು ಡಿಕ್ಸಿ ಕಾಮಿಕ್ ನೋಡಿದ್ರಾ? ಫಿಲ್ ಫೊಗ್ಲಿಯೋ ತಮ್ಮನ್ನೇ ಪಾತ್ರ ಮಾಡ್ಕೊಂಡು ಬರೆದದ್ದು, ಎಂಬತ್ತರ ದಶಕದ ಶುರುವಿನದ್ದು. ಈ ಆಟದಲ್ಲಿ ಶೃಂಗಾರದ ಜಾಗ ಏನು ಅಂತ ಮುಂದಿನ ಬಾರಿ ಖಂಡಿತಾ ಹೇಳ್ತೀವಿ ಅಂತ ಪದೇ ಪದೇ ಮಾತು ಕೊಡ್ತಾರೆ. ಪ್ರತಿ ಸಲ ಏನೋ ಅಡ್ಡಿ. ಅಲ್ಲಿ ಮುಗಿಸದೇ ಇರೋದೇ ಜೋಕು. ವರ್ಮಿ ಮುಗಿಸದೇ ಇದ್ದದ್ದು ಗಾಯ. ವ್ಯತ್ಯಾಸ ಇಷ್ಟೇ.

---

ನಿಯಮಪುಸ್ತಕ ಉತ್ತರ:

@ಬಾಡಿಗೆ ಕೂಲಿ, ಉದ್ದ ಕಥೆ ಹೊರಿಸಬಾರದು ಅನ್ನೋದನ್ನ ಒಪ್ಪಲ್ಲ. ಸ್ನಾರ್ಫ್‌ಕ್ವೆಸ್ಟ್ ಕಾಮಿಕ್ 1983ರ ಜುಲೈಯಿಂದ 1989ರ ಮೇವರೆಗೆ ನಡೀತು, 75ನೇ ಸಂಚಿಕೆಯಿಂದ 145ರ ತನಕ. ಕಥೆಯ ಗಂಟು ಒಂದೇ ಸಾಲು: ಊರಿನ ಮುಖಂಡ ಸತ್ತಿದ್ದಾನೆ, ಒಂದು ವರ್ಷದೊಳಗೆ ಯಾರು ಜಾಸ್ತಿ ಸಂಪತ್ತು, ಜಾಸ್ತಿ ಪರಾಕ್ರಮ ತೋರಿಸಿ ಬರ್ತಾರೋ ಅವರಿಗೆ ಗದ್ದುಗೆ. ಇಷ್ಟು ನೆನಪಿದ್ರೆ ಯಾವ ಕಂತಿಗೆ ಬೇಕಾದ್ರೂ ನುಗ್ಗಬಹುದು. ಉದ್ದಮೂತಿಯ ಸ್ನಾರ್ಫ್, ಜೊತೆಗೊಂದು ರೋಬೋ, ತಾನು ಬಾತುಕೋಳಿ ಅಂತ ನಂಬಿರೋ ಡ್ರ್ಯಾಗನ್. ಇದನ್ನ ಬರೆದ ಲ್ಯಾರಿ ಎಲ್ಮೋರ್ ಅವರೇ 1983ರಲ್ಲಿ ಈ ಆಟ ಬಂದ ಕೆಂಪು ಡಬ್ಬಿಯ ಮೇಲಿನ ಗಂಭೀರ ಡ್ರ್ಯಾಗನ್ನೂ ಬರೆದದ್ದು. ಒಂದೇ ಕೈ, ಒಂದೇ ವರ್ಷ. ಡಬ್ಬಿ ಮೇಲಿನದ್ದು ನೋಡಿ ಹೆದರಿ, ಪತ್ರಿಕೆಯಲ್ಲಿ ಅದೇ ಜಾತಿಯದ್ದು ನೋಡಿ ನಗಬೇಕು.

ಇನ್ನು @ಹಳೇದಾಳ ಅವರ ಸಿಡಿ ಬಗ್ಗೆ. ಅದನ್ನ ಜೋಪಾನವಾಗಿ ಇಟ್ಕೊಳ್ಳಿ, ಅದರ ಹಿಂದೆ ದೊಡ್ಡ ತಗಾದೆ ಇದೆ. ಕಾಮಿಕ್ಸ್ ಬರೆದ ಕೆಲವರು ಪತ್ರಿಕೆಗೆ ಒಂದು ಸಲ ಮುದ್ರಿಸೋ ಹಕ್ಕು ಮಾತ್ರ ಕೊಟ್ಟಿದ್ರು, ಸಿಡಿಗೆ ಹಾಕೋಕೆ ಮತ್ತೆ ಕೇಳಿರಲಿಲ್ಲ. ನೈಟ್ಸ್ ಆಫ್ ದ ಡಿನ್ನರ್ ಟೇಬಲ್ ಹಕ್ಕು ಇದ್ದ ಕೆಂಜರ್ ಕಂಪನಿ ಪಟ್ಟು ಹಿಡೀತು. ಜಾಲಿ ಬ್ಲ್ಯಾಕ್‌ಬರ್ನ್ 1990ರಲ್ಲಿ ಶೇಡಿಸ್ ಅನ್ನೋ ಪತ್ರಿಕೆಯಲ್ಲಿ ಶುರು ಮಾಡಿದ ಕಾಮಿಕ್ ಅದು, ಆಮೇಲೆ ಡ್ರ್ಯಾಗನ್‌ಗೆ ಬಂತು. ಮೇಜಿನ ಸುತ್ತ ಕೂತು ಆಡೋರೇ ಪಾತ್ರಗಳು, ಚಿತ್ರ ಹೆಚ್ಚುಕಮ್ಮಿ ಅಲ್ಲಾಡೋದೇ ಇಲ್ಲ, ಎಲ್ಲಾ ಮಾತಲ್ಲೇ. ಅವರು ಕಾಮಿಕ್‌ನಲ್ಲಿ ಆಡ್ತಿದ್ದದ್ದು ಹ್ಯಾಕ್‌ಮಾಸ್ಟರ್ ಅನ್ನೋ ಇಲ್ಲದ ಆಟ. ರಾಜಿ ಆದಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೇ ನಿಯಮಗಳನ್ನ ಬಳಸೋ ಅನುಮತಿ ಸಿಕ್ತು, 2001ರಲ್ಲಿ ಹ್ಯಾಕ್‌ಮಾಸ್ಟರ್ ನಿಜವಾದ ಪುಸ್ತಕವಾಗಿ ಬಂತು. ಅದೂ ಸೀದಾ ‘ನಾಲ್ಕನೇ ಆವೃತ್ತಿ’! ಮೊದಲ ಮೂರು ಅಚ್ಚಾಗೇ ಇಲ್ಲ. ಕಾಮಿಕ್‌ನವರ ಕುಚೋದ್ಯ ಅದು.

ಹಾಗಾಗಿ ಹಿಂಬದಿ ಪುಟದ ಪಾತ್ರಗಳನ್ನ ಬರೀ ನಗೆಹನಿ ಅಂತ ತಳ್ಳಿಹಾಕ್ಬೇಡಿ. ಅವು ಆಡ್ತಿದ್ದ ಆಟವನ್ನ ನಾನು ಎರಡು ವರ್ಷ ಆಡಿದ್ದೀನಿ. ನಿಯಮಗಳು ಭಯಂಕರ ತಲೆನೋವು, ಅದು ಬೇರೆ ಮಾತು.

---

ಹಳೇದಾಳ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಮಾರಿದವನ ಹತ್ರ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಸರ್, ನಾನೂ ಒರೆಸಿದ್ದೆ’ ಅಂದ.

ಮಸಿಬುಡ್ಡಿಯವರೇ, ನೀವು ಹೇಳಿದ ಮೇಲೆ ವರ್ಮಿಯ ಹಳೇ ಪುಟಗಳನ್ನ ದೊಡ್ಡದು ಮಾಡಿ ನೋಡ್ತಾ ಕೂತೆ. ಚಿತ್ರ ಹಿಗ್ಗಿಸಿದಾಗ ಬಣ್ಣ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತೆ, ಸಿಗಾರ್ ಹೊಗೆ ಇರೋ ಕಡೆ ಚುಕ್ಕಿನೂ ಇಲ್ಲ, ಬರೀ ಕಾಗದ. ಖಾಲಿ ಬಿಡೋದು ಅಂದ್ರಲ್ಲ, ಅದು ಅರ್ಥ ಆಯ್ತು. ಟ್ಯಾಕ್ಸಿ ವಿಷಯ ಓದಿ ಮೊದಲು ಸಿಟ್ಟು ಬಂತು, ಒಂದು ಪುಟ ಬರೆದು ಮುಗಿಸಿ ಹೋಗಬಹುದಿತ್ತಲ್ಲ ಅಂತ. ಆಮೇಲೆ ನನ್ನದೇ ನೆನಪಾಯ್ತು. ನಾಲ್ಕು ಜನರನ್ನ ಕೂರಿಸಿಕೊಂಡು ಮೂರು ವರ್ಷ ನಡೆಸಿದ ಒಂದು ಆಟವನ್ನ ನಾನೂ ಸೇತುವೆ ಮಧ್ಯದಲ್ಲಿ ಬಿಟ್ಟು ಬಂದವನೇ. ‘ಮುಂದಿನ ವಾರ ಸಿಗೋಣ’ ಅಂದಿದ್ದೆ. ಅವರಲ್ಲಿ ಒಬ್ಬ ಈಗ್ಲೂ ಸಿಕ್ಕಾಗೆಲ್ಲಾ ಸೇತುವೆ ಆಚೆ ಏನಿತ್ತು ಅಂತ ಕೇಳ್ತಾನೆ. ನಾನು ಬರೆದೇ ಇರಲಿಲ್ಲ ಅಂತ ಅವನಿಗೆ ಇವತ್ತಿಗೂ ಹೇಳಿಲ್ಲ.

ಸ್ನಾರ್ಫ್‌ನ ಅಲ್ಲಲ್ಲಿ ನೋಡಿ ಮುಂದೆ ದಾಟಿಸಿಬಿಟ್ಟಿದ್ದೆ. ಇವತ್ತು 75ನೇ ಸಂಚಿಕೆಗೆ ವಾಪಸ್ ಹೋಗಿದ್ದೀನಿ. ಆ ಬಾತುಕೋಳಿ ಡ್ರ್ಯಾಗನ್ ಯಾವ ಕಂತಲ್ಲಿ ಬರುತ್ತೆ ಅಂತ ಮಾತ್ರ ಯಾರೂ ಬಾಯಿ ಬಿಡ್ಬೇಡಿ.