ಅಪ್‌ಡೇಟ್: ಮೋಟರ್‌ಹೋಮ್ ಕಿಟಕಿ ಶೇಡ್ ಪಕ್ಕದಿಂದ ಬರುತ್ತಿದ್ದ ಬೆಳಕು ನಿಂತಿತು

ನಮ್ಮ ಮೋಟರ್‌ಹೋಮ್ (ಒಳಗೇ ಮನೆಯಂತೆ ಇರಬಹುದಾದ ವಾಹನ) ಕಿಟಕಿಯ ಶೇಡ್ ಪೂರ್ತಿ ಇಳಿಸಿದರೂ ಎರಡೂ ಪಕ್ಕದಿಂದ ಬೆಳಕು ಬರುತ್ತೆ, ಏನು ಮಾಡಲಿ ಎಂದು ಕೇಳಿದ್ದೆ. ಕೆಲವರು ಶೇಡನ್ನೇ ಬದಲಾಯಿಸಿ ಎಂದಿರಿ, ಕೆಲವರು ಪಕ್ಕಕ್ಕೆ ಪಟ್ಟಿ ಕೊಡಿ ಎಂದಿರಿ. ಪಟ್ಟಿ ಕೊಟ್ಟೆ. ಈಗ ಬೆಳಗ್ಗೆಯೂ ಒಳಗೆ ಕತ್ತಲೆ, ತುಂಬಾ ಖುಷಿಯಾಗಿದೆ.

ಬಟ್ಟೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮಡಿಕೆ ಶೇಡ್ ಸಲೀಸಾಗಿ ಮೇಲೆ ಕೆಳಗೆ ಓಡಾಡಬೇಕಾದರೆ ಚೌಕಟ್ಟಿನ ಪಕ್ಕ ಸ್ವಲ್ಪ ಜಾಗ ಇರಲೇಬೇಕು ಅಲ್ವಾ, ಬೆಳಕು ಬರುತ್ತಿದ್ದದ್ದು ಆ ಸಂದಿಯಿಂದಲೇ. ಅದಕ್ಕೆ ಎಲ್ ಆಕಾರದ ತೆಳು ಪ್ಲಾಸ್ಟಿಕ್ ಪಟ್ಟಿ ತಗೊಂಡು, ಕಿಟಕಿಯ ಎತ್ತರಕ್ಕೆ ಕತ್ತರಿಸಿ, ಒಂದು ಬದಿಯನ್ನು ಡಬಲ್ ಸೈಡ್ ಟೇಪಿನಿಂದ ಚೌಕಟ್ಟಿಗೆ ಅಂಟಿಸಿದೆ, ಇನ್ನೊಂದು ಬದಿ ಶೇಡಿನ ಅಂಚಿನ ಮುಂದೆ ಬಂದು ಸಂದಿ ಮುಚ್ಚುತ್ತೆ. ಶೇಡಿಗೆ ತಾಗುವ ಕಡೆ ಕಪ್ಪು ಫೆಲ್ಟ್ (ಉಣ್ಣೆಯಂಥ ಮೆತ್ತನೆ ಬಟ್ಟೆ) ಟೇಪ್ ಹಾಕಿದೆ. ಇದನ್ನು ಮಾತ್ರ ಬಿಡಬೇಡಿ. ಬಿಳಿ ಪ್ಲಾಸ್ಟಿಕ್ಕಿಗೆ ಬಡಿದ ಬೆಳಕು ಮತ್ತೆ ಒಳಕ್ಕೇ ಬರುತ್ತೆ, ಕಪ್ಪು ಫೆಲ್ಟ್ ಅದನ್ನು ಅಲ್ಲೇ ನುಂಗುತ್ತೆ, ಮಡಿಕೆಗಳೂ ಉಜ್ಜಿ ಹಾಳಾಗಲ್ಲ.

ಅಂಟಿಸುವ ಮುಂಚೆ ಚೌಕಟ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಇಲ್ಲದಿದ್ದರೆ ಬಿಸಿಲಿಗೆ ಟೇಪ್ ಬಿಟ್ಟುಕೊಳ್ಳುತ್ತೆ. ಕಿಟಕಿ ಗಾಜಿನದಲ್ಲದೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನದಾದರೆ ಅದಕ್ಕೆ ಆಲ್ಕೋಹಾಲ್ ತಾಗಿಸಬೇಡಿ, ಸಣ್ಣ ಸಣ್ಣ ಬಿರುಕು ಬೀಳಬಹುದು.

ಕೆಳಗಿನ ಅಂಚಿಗೆ ನೀರು ಹೀರದ ಫೋಮ್ ಪಟ್ಟಿ ಸಾಕು. ರಾತ್ರಿ ಕಿಟಕಿ ಬೆವರಿ ನೀರು ಇಳಿಯುವುದು ಅಲ್ಲಿಗೇ, ಸುಮ್ನೆ ಸಿಕ್ಕಿದ ಸ್ಪಂಜು ಹಾಕಿದರೆ ಬೂಷ್ಟು ಹಿಡಿಯುತ್ತೆ. ಎಮರ್ಜೆನ್ಸಿ ಕಿಟಕಿಯ ಚಿಲಕದ ಹತ್ತಿರ ಏನೂ ಅಂಟಿಸಿಲ್ಲ, ಅಲ್ಲಿ ಬೆಳಕು ಬಂದರೂ ಪರವಾಗಿಲ್ಲ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.